ಮೊದಲ ಸಾಲು ಹೆಡ್‌ಮಾಸ್ತರರು ಬರೆಯಲಿ

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೇ ಇಯತ್ತೆಗೆ ವಿಜ್ಞಾನ ಕಲಿಸುವ ಟೀಚರ್ ಸಾಮಾನ್ಯವಾಗಿ ಒಬ್ಬರೇ. ಪಾಠ ಎಲ್ಲಿ ತೊಡಕಾಯಿತು, ಮಕ್ಕಳು ಯಾವ ಪ್ರಶ್ನೆಗೆ ತಡವರಿಸಿದರು ಎಂದು ಮಾತಾಡಿಕೊಳ್ಳಲು ಸ್ಟಾಫ್ ರೂಮಿನಲ್ಲಿ ಅದೇ ವಿಷಯದ ಜೊತೆಗಾರರಿಲ್ಲ. ಆ ಜೊತೆಗಾರರಿರುವುದು ಲೋಕಲ್ ಟ್ರೇನಿನ ಬೇರೆ ಲೈನಿನಲ್ಲಿ, ಒಂದೂವರೆ ಗಂಟೆ ಆಚೆ. ಪಠ್ಯಪುಸ್ತಕವನ್ನು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿ ಕನ್ನಡದಲ್ಲೇ ಅಚ್ಚು ಹಾಕುತ್ತದೆ, ನಿಜ. ಆದರೆ ಅಭ್ಯಾಸಕ್ಕೆ ಬೇಕಾದ ಉಳಿದ ಸಾಮಗ್ರಿ ಎಲ್ಲಿಂದ ಬರಬೇಕು? ಬೆಂಗಳೂರು, ಹುಬ್ಬಳ್ಳಿಯಲ್ಲಿ ಸಿಗುವ ಗೈಡುಗಳು ಕರ್ನಾಟಕದ ಪಠ್ಯಕ್ರಮದವು. ಮಹಾರಾಷ್ಟ್ರದ ಪಾಠಕ್ಕೆ ಹೊಂದುವುದಿಲ್ಲ. ಹೀಗಾಗಿ ಪ್ರಶ್ನೆ ಸಂಗ್ರಹ, ಟಿಪ್ಪಣಿ, ಪರಿಭಾಷೆಯ ಪಟ್ಟಿ ಎಲ್ಲವನ್ನೂ ಇಲ್ಲಿನ ಶಿಕ್ಷಕರೇ ಮಾಡಿಕೊಳ್ಳಬೇಕು. ಒಬ್ಬೊಬ್ಬರೇ ಮಾಡಿದರೆ ಅದೇ ಕೆಲಸ ಐದು ಶಾಲೆಯಲ್ಲಿ ಐದು ಸಲ ಆಗುತ್ತದೆ.

ಜಾಲದ ಮೇಲೆ ಕೂಡಿ ಬರೆಯುವ ಸಲಕರಣೆಗಳು ನಮಗೆ ಬೇಕಾಗಿರುವುದು ಈ ಕಾರಣಕ್ಕೆ. ‘ಡಿಜಿಟಲ್ ಶಾಲೆ’ ಎಂಬ ಬೋರ್ಡು ಹಾಕಿಕೊಳ್ಳುವುದಕ್ಕಲ್ಲ.

ವಾಟ್ಸ್ಆ್ಯಪ್ ಗ್ರೂಪು ಇದೆಯಲ್ಲ ಎನ್ನುತ್ತಾರೆ ಆಡಳಿತ ಮಂಡಳಿಯವರು. ಅದು ಸೂಚನಾಫಲಕ. ಸೋಮವಾರ ಹಾಕಿದ ಪ್ರಶ್ನೆಪತ್ರಿಕೆ ಗುರುವಾರದ ಹೊತ್ತಿಗೆ ಹುಟ್ಟುಹಬ್ಬದ ಹಾರೈಕೆಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ತಿದ್ದಿದ ಪ್ರತಿ ಯಾವುದು, ತಿದ್ದದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ಕೂಡಿ ಬರೆಯುವುದೆಂದರೆ ಕಡತ ಒಂದೇ ಕಡೆ ಇರಬೇಕು, ಎಲ್ಲರ ತಿದ್ದುಪಡಿ ಅದರ ಮೇಲೇ ಬೀಳಬೇಕು, ಹಿಂದಿನ ರೂಪ ಬೇಕೆಂದಾಗ ವಾಪಸು ಸಿಗಬೇಕು.

ಸಲಕರಣೆಯ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗೂಗಲ್ ವರ್ಕ್‌ಸ್ಪೇಸ್‌ನ ಶಾಲಾ ಆವೃತ್ತಿಯಲ್ಲಿ ‘ಫಂಡಮೆಂಟಲ್ಸ್’ ಎಂಬುದು ಮಾನ್ಯತೆ ಪಡೆದ ಶಾಲೆಗಳಿಗೆ ಉಚಿತ, ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಜಾಗ. ಮೈಕ್ರೋಸಾಫ್ಟ್‌ನ ಶಾಲಾ ಆವೃತ್ತಿ ‘ಎ1’ ಕೂಡ ಉಚಿತವೇ. ಸರ್ವರ್ ನೋಡಿಕೊಳ್ಳುವ ಕೈ ಇದ್ದರೆ, ಶಾಲೆಯೇ ನಡೆಸಿಕೊಳ್ಳಬಹುದಾದ ಕಲಿಕಾ ತಂತ್ರಾಂಶ ಮೂಡಲ್ ಇದೆ. ಇಲ್ಲದಿದ್ದರೆ ಅದರ ಗೊಡವೆಗೆ ಹೋಗಬೇಡಿ, ಒಂದು ವರ್ಷ ಅಪ್‌ಡೇಟ್ ತಪ್ಪಿದರೂ ಅಪಾಯ. ಶಿಕ್ಷಕರ ಫೋನಿನಲ್ಲಿ ಈಗಾಗಲೇ ಜೀಮೇಲ್ ಇರುವುದರಿಂದ ಹೆಚ್ಚಿನ ಶಾಲೆಗಳಿಗೆ ಮೊದಲನೆಯದೇ ಸಲೀಸು. ಮುಂದಿನ ವಿವರಗಳೆಲ್ಲ ಅದರವೇ.

ಡೊಮೇನ್ ಹೆಸರು, ಅಂದರೆ ಶಾಲೆಯ ಜಾಲವಿಳಾಸ, ಸಂಸ್ಥೆಯ ಹೆಸರಿನಲ್ಲೇ ನೋಂದಣಿಯಾಗಲಿ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದ್ದರೆ, ಅವನು ದುಬೈಗೆ ಹೋದ ವರ್ಷ ನವೀಕರಣ ತಪ್ಪಿ ಇಡೀ ಶಾಲೆಯ ಮೇಲ್ ನಿಲ್ಲುತ್ತದೆ. ಗೂಗಲ್‌ಗೆ ಅರ್ಜಿ ಹಾಕುವಾಗ ಮಾನ್ಯತಾ ಪತ್ರ, ಸರ್ಕಾರ ಪ್ರತಿ ಶಾಲೆಗೂ ಕೊಡುವ 11 ಅಂಕಿಯ ಯುಡೈಸ್ ಸಂಖ್ಯೆ ಕೈಗೆ ಸಿಗುವಂತಿರಲಿ. ಮುಖ್ಯ ಅಡ್ಮಿನ್ ಇಬ್ಬರಿರಲಿ. ಒಬ್ಬರೇ ಇದ್ದು, ಪಾಸ್‌ವರ್ಡ್ ಮರಳಿ ಪಡೆಯುವ ಮೊಬೈಲ್ ನಂಬರ್ ಕ್ಲಾರ್ಕ್‌ನದ್ದಾಗಿದ್ದು, ಆ ಕ್ಲಾರ್ಕ್ ನಿವೃತ್ತರಾದರೆ ಕೀಲಿಕೈ ಅವರೊಂದಿಗೇ ಹೋದಂತೆ. ಪಾಸ್‌ವರ್ಡ್ ಬದಲಿಸುವ ಅಧಿಕಾರವನ್ನಷ್ಟೇ ಬೇರೆ ಇಬ್ಬರು ಶಿಕ್ಷಕರಿಗೆ ಕೊಡಬಹುದು. ಮೊದಲ ತಿಂಗಳು ಎಲ್ಲಕ್ಕಿಂತ ಹೆಚ್ಚು ಬರುವ ದೂರು ಅದೇ.

ಮಕ್ಕಳ ಖಾತೆಗೆ ಹೆಸರನ್ನು ಬಳಸದೆ ಶಾಲೆಯ ದಾಖಲಾತಿ ಪುಸ್ತಕವಾದ ಜನರಲ್ ರಜಿಸ್ಟರಿನ (ಜಿ.ಆರ್.) ನಂಬರ್ ಬಳಸಿ. ಶೆಟ್ಟಿ, ಪೂಜಾರಿ ಎಷ್ಟು ಜನರಿದ್ದರೂ ಜಿ.ಆರ್. ನಂಬರ್ ಒಬ್ಬರಿಗೆ ಒಂದೇ, ತರಗತಿ ಬದಲಾದರೂ ಬದಲಾಗದು, ಮಗುವಿನ ಹೆಸರು ಹೊರಗಿನವರಿಗೆ ತಿಳಿಯುವುದೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಜೂನ್‌ನಲ್ಲಿ ಪ್ರವೇಶದ ಅರ್ಜಿಯ ಜೊತೆಗೇ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಕೊಟ್ಟು ಸಹಿ ಪಡೆಯಿರಿ. ಯಾವ ಸಲಕರಣೆ, ಏತಕ್ಕೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ, ಈ ನಾಲ್ಕು ಸಂಗತಿ ಅದರಲ್ಲಿರಲಿ. ವಿದ್ಯಾರ್ಥಿಗಳ ಗುಂಪಿಗೆ ಶಾಲೆಯ ಹೊರಗೆ ಹಂಚಿಕೊಳ್ಳುವ ಸೌಲಭ್ಯ ಮುಚ್ಚಿಡಿ.

ಇಷ್ಟೂ ತಯಾರಿ ಎರಡು ವಾರದ ಕೆಲಸ. ಅಸಲು ಕೆಲಸ ಇನ್ನು ಮುಂದೆ, ಅದು ಮುಖ್ಯೋಪಾಧ್ಯಾಯರದ್ದು.

ಸಾಮಾನ್ಯವಾಗಿ ನಡೆಯುವುದೇನು? ಸುತ್ತೋಲೆ ಬರುತ್ತದೆ, ಒಂದು ದಿನದ ತರಬೇತಿ, ಚಹಾ-ಬಿಸ್ಕತ್ತು, ಎಲ್ಲರಿಗೂ ಖಾತೆ. ಆಗಸ್ಟ್ ಹೊತ್ತಿಗೆ ಯಾರೂ ಅತ್ತ ಸುಳಿಯುವುದಿಲ್ಲ. ಶಿಕ್ಷಕರು ಸೋಮಾರಿಗಳೆಂದು ಹೀಗಾಗುವುದಲ್ಲ. ಮುಖ್ಯೋಪಾಧ್ಯಾಯರ ಸ್ವಂತ ಕೆಲಸ ಕಾಗದದಲ್ಲೇ ನಡೆಯುತ್ತಿರುತ್ತದೆ. ಪಾಲಿಕೆ ಶಾಲೆಯಾದರೆ ಮೇಲ್ವಿಚಾರಣೆಯ ಬೀಟ್ ಆಫೀಸರು ಕೇಳುವ ವರದಿಯೂ ಕಾಗದದಲ್ಲೇ. ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಮತ್ತೆ ಕೈಯಲ್ಲಿ ಬರೆಯಬೇಕಾದರೆ ಎರಡು ಪಾಲು ಕೆಲಸ ಯಾರಿಗೆ ಬೇಕು?

ಆದ್ದರಿಂದ ಶುರು ಮಾಡಬೇಕಾದ್ದು ತಿಂಗಳ ಸ್ಟಾಫ್ ಮೀಟಿಂಗಿನಿಂದ. ಮೀಟಿಂಗಿಗೆ ಮೂರು ದಿನ ಮೊದಲು ಹೆಡ್‌ಮಾಸ್ತರರು ಒಂದು ಡಾಕ್ಯುಮೆಂಟ್ ತೆರೆದು ತಾವೇ ಎರಡು ವಿಷಯ ಬರೆಯಲಿ. ಉಳಿದವರು ತಮ್ಮ ತಮ್ಮ ವಿಷಯ ಸೇರಿಸಲಿ. ಮೀಟಿಂಗ್ ನಡೆಯುವಾಗಲೇ ನಿರ್ಣಯಗಳನ್ನು ಅದೇ ಪುಟದಲ್ಲಿ ಟೈಪ್ ಮಾಡಿ, ಪ್ರತಿಯೊಂದರ ಮುಂದೆ ಹೊಣೆ ಹೊತ್ತವರ ಹೆಸರು, ತಾರೀಖು ಹಾಕಲಿ. ಪ್ರೊಸೀಡಿಂಗ್ ಬುಕ್ಕಿಗೆ ಅದರ ಪ್ರಿಂಟ್ ಅಂಟಿಸಿದರೆ ಮತ್ತೆ ಬರೆಯುವ ಕೆಲಸವಿಲ್ಲ. ಮೂರು ಮೀಟಿಂಗ್ ಹೀಗೆ ನಡೆದರೆ ಕಮೆಂಟ್ ಹಾಕುವುದು, ಸಲಹೆಯ ರೂಪದಲ್ಲಿ ತಿದ್ದುವುದು ಎಲ್ಲರಿಗೂ ಬೇರೆ ತರಬೇತಿಯಿಲ್ಲದೆ ಕೈಹತ್ತುತ್ತದೆ.

ಅಲ್ಲಿಂದ ಪ್ರಶ್ನೆ ಸಂಗ್ರಹಕ್ಕೆ ಬನ್ನಿ. ಒಂದು ಶೀಟ್, ಐದು ಕಾಲಂ: ಪಾಠ, ಪ್ರಶ್ನೆ, ಅಂಕ, ಬರೆದವರು, ನೋಡಿದವರು. ವಾರಕ್ಕೆ ಒಬ್ಬೊಬ್ಬರು ಐದು ಪ್ರಶ್ನೆ ಹಾಕಿದರೂ ನಾಲ್ಕು ಶಾಲೆಯ ನಾಲ್ವರು ಸೇರಿ ಹತ್ತು ವಾರದಲ್ಲಿ 200 ಪ್ರಶ್ನೆಯಾಗುತ್ತದೆ. ಪರೀಕ್ಷೆಯ ಅಸಲು ಪತ್ರಿಕೆಯನ್ನು ಮಾತ್ರ ಇದರಲ್ಲಿಡಬೇಡಿ. ಕಡತಗಳು ಯಾರೊಬ್ಬರ ಸ್ವಂತ ಡ್ರೈವ್‌ನಲ್ಲಿರದೆ ಸಂಸ್ಥೆಯ ಒಡೆತನದ ‘ಶೇರ್ಡ್ ಡ್ರೈವ್’ನಲ್ಲಿರಲಿ. ಸ್ವಂತ ಡ್ರೈವ್‌ನಲ್ಲಿದ್ದರೆ, ಶಿಕ್ಷಕರು ಶಾಲೆ ಬಿಟ್ಟು ಅವರ ಖಾತೆ ಅಳಿಸಿದ ದಿನ ಕಡತವೂ ಹೋಗುತ್ತದೆ. 20 ದಿನದೊಳಗೆ ಎಚ್ಚೆತ್ತರೆ ಖಾತೆಯನ್ನು ಮರಳಿ ಪಡೆಯಬಹುದು, ಆಮೇಲೆ ಇಲ್ಲ.

ಇಲ್ಲೇ ಕನ್ನಡದ ಸ್ವಂತ ತೊಂದರೆಯೊಂದು ಎದುರಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಅವನ್ನು ಹಾಗೇ ತಂದು ಅಂಟಿಸಿದರೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಎಲ್ಲ ಕಡೆ ಒಂದೇ ರೀತಿ ಕಾಣುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಬೇಕು, ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಗಣಿತದ ಚಿಹ್ನೆಗಳನ್ನು ಕಣ್ಣಿಟ್ಟು ನೋಡಬೇಕು. ತಪ್ಪುಗಳು ಹೆಚ್ಚಾಗಿ ಅಡಗಿರುವುದು ಅಲ್ಲೇ. ಹೊಸದಾಗಿ ಬರೆಯುವವರು ಫೋನಿನ ಕನ್ನಡ ಕೀಲಿಮಣೆಯಲ್ಲೋ ಕ್ರೋಮ್‌ನಲ್ಲಿ ಬಾಯಿಮಾತಿನಿಂದಲೋ ಬರೆಯಬಹುದು. ಬಾಯಿಮಾತಿನಲ್ಲಿ ಬರೆಸಿದ್ದಕ್ಕೆ ಪೂರ್ಣವಿರಾಮ, ಅಲ್ಪವಿರಾಮ ಆಮೇಲೆ ಹಾಕಿಕೊಳ್ಳಬೇಕಾಗುತ್ತದೆ.

ಗೂಗಲ್ ಫಾರ್ಮ್ಸ್‌ನ ಕ್ವಿಜ್‌ನಲ್ಲಿ ಒಂದು ಪದದ ಉತ್ತರ ಕೇಳುವಾಗ ಇನ್ನೂ ಹುಷಾರಾಗಿರಬೇಕು. ‘ಮಹಾರಾಷ್ಟ್ರದ ರಾಜಧಾನಿ ಯಾವುದು?’ ಎಂಬ ಪ್ರಶ್ನೆಗೆ ಉತ್ತರಪಟ್ಟಿಯಲ್ಲಿ ‘ಮುಂಬಯಿ’ ಎಂದಷ್ಟೇ ಹಾಕಿದ್ದರೆ, ‘ಮುಂಬೈ’ ಎಂದು ಬರೆದ ಮಗುವಿಗೆ ಸೊನ್ನೆ. ಇಂಥ ಕಡೆ ಒಪ್ಪಬಹುದಾದ ಎಲ್ಲ ರೂಪಗಳನ್ನೂ ಸೇರಿಸಬೇಕು, ಇಲ್ಲವೇ ಆಯ್ಕೆಯ ಪ್ರಶ್ನೆ ಮಾಡಬೇಕು. ಸರಿ ಬರೆದ ಮಗುವಿಗೆ ತಪ್ಪೆಂದು ಕೆಂಪು ಗುರುತು ಬಿದ್ದರೆ ಅದರ ಮನಸ್ಸು ಮುದುಡುತ್ತದೆ. ಅಂಕ ಪ್ರಕಟಿಸುವ ಮೊದಲು ಶಿಕ್ಷಕರು ಒಮ್ಮೆ ನೋಡಲೇಬೇಕು.

ಮಕ್ಕಳನ್ನು ಕರೆತರುವುದು ದೀಪಾವಳಿ ರಜೆಯ ನಂತರ. ಹತ್ತು ಕಂಪ್ಯೂಟರ್, ನಲವತ್ತು ಮಕ್ಕಳು, 35 ನಿಮಿಷದ ಪಿರಿಯಡ್ ಎಂದುಕೊಳ್ಳಿ. ಒಂದು ಕಂಪ್ಯೂಟರಿಗೆ ನಾಲ್ವರು: ಒಬ್ಬರು ಟೈಪ್ ಮಾಡುವವರು, ಒಬ್ಬರು ಹೇಳುವವರು, ಒಬ್ಬರು ಪುಸ್ತಕ ನೋಡುವವರು, ಒಬ್ಬರು ಬೇರೆ ಗುಂಪಿನ ಬರಹ ಓದುವವರು. ಪ್ರತಿ ಪಿರಿಯಡ್‌ನಲ್ಲಿ ಸರದಿ ಬದಲಾಗಲೇಬೇಕು, ಇಲ್ಲದಿದ್ದರೆ ಜಾಣ ಹುಡುಗನೊಬ್ಬನ ಕೈಯೇ ವರ್ಷವಿಡೀ ಕೀಲಿಮಣೆಯ ಮೇಲಿರುತ್ತದೆ. ‘ಗೂಗಲ್ ಕ್ಲಾಸ್‌ರೂಮ್’ನಲ್ಲಿ ಕೆಲಸ ಹಂಚುವಾಗ ‘ಪ್ರತಿ ವಿದ್ಯಾರ್ಥಿಗೂ ಒಂದು ಪ್ರತಿ’ ಎಂಬುದನ್ನು ಮೊದಲೇ ಆರಿಸಿ. ಹಂಚಿದ ಮೇಲೆ ಬದಲಿಸಲಾಗದು.

ಮನೆಯಲ್ಲಿ ಅಪ್ಪನ ಫೋನಿನಿಂದ ಲಿಂಕ್ ಒತ್ತಿದಾಗ ‘ಅನುಮತಿ ಬೇಕು’ ಎಂದು ಬಂದರೆ ಗಾಬರಿಯಾಗಬೇಕಿಲ್ಲ. ಕಡತ ತೆರೆಯುತ್ತಿರುವುದು ಅಪ್ಪನ ಜೀಮೇಲ್‌ನಲ್ಲಿ, ಅಷ್ಟೇ. ಮೇಲ್ಗಡೆ ಬಲಕ್ಕಿರುವ ಗುಂಡು ಚಿತ್ರ ಒತ್ತಿ ಶಾಲೆಯ ಖಾತೆಗೆ ಬದಲಾಯಿಸಿದರೆ ತೆರೆಯುತ್ತದೆ. ಈ ಬೇಸರಕ್ಕೇ ಶಿಕ್ಷಕರು ‘ಲಿಂಕ್ ಇದ್ದವರೆಲ್ಲ ತಿದ್ದಬಹುದು’ ಎಂದು ತೆರೆದಿಡುತ್ತಾರೆ. ಆ ಲಿಂಕ್ ನಾಲ್ಕು ಗ್ರೂಪು ಸುತ್ತಿ ಯಾರೋ ಇಡೀ ಪುಟ ಅಳಿಸಿರುತ್ತಾರೆ. ಅಳಿಸಿದ್ದು ವರ್ಷನ್ ಹಿಸ್ಟರಿಯಿಂದ (ಕಡತದ ಹಿಂದಿನ ರೂಪಗಳ ದಾಖಲೆ) ವಾಪಸು ಬರುತ್ತದೆ, ಆದರೆ ಅಳಿಸಿದವರು ಯಾರೆಂದು ತಿಳಿಯದೆ ಹೋಗಬಹುದು.

ಸಲಕರಣೆಯ ನಿಜವಾದ ಲಾಭ ಕಾಣುವುದು ಕಮೆಂಟಿನಲ್ಲಿ. ಏಳನೇ ಇಯತ್ತೆಯ ಗುಂಪೊಂದು ‘ನಮ್ಮ ಚಾಳಿನಲ್ಲಿ ಗಣಪತಿ ಕೂರಿಸುತ್ತಾರೆ. ತುಂಬಾ ಮಜಾ ಬರುತ್ತದೆ’ ಎಂದು ಬರೆದಿದೆ ಎನ್ನೋಣ. ‘ಚೆನ್ನಾಗಿದೆ’ ಎಂಬ ಕಮೆಂಟಿನಿಂದ ಏನೂ ಆಗದು. ‘ಒಂದೂವರೆ ದಿನವೋ ಐದು ದಿನವೋ? ಆರತಿ ಹೇಳುವುದು ಮರಾಠಿಯಲ್ಲೋ ಕನ್ನಡದಲ್ಲೋ?’ ಎಂದು ಕೇಳಿದರೆ ಮಕ್ಕಳು ಮತ್ತೆರಡು ಸಾಲು ಬರೆಯುತ್ತಾರೆ. ಪಕ್ಕದ ಗುಂಪಿನವರೂ ಹೀಗೆ ಪ್ರಶ್ನೆ ಕೇಳುವುದನ್ನು ಕಲಿಯಲಿ. ಒಂದು ಬರಹಕ್ಕೆ ಎರಡು ಪ್ರಶ್ನೆ ಎಂಬ ನಿಯಮ ಸಾಕು. ನೋಟ್‌ಬುಕ್ಕಿನಲ್ಲಿ ಬರೆದು ಟೀಚರ್ ಟಿಕ್ ಹಾಕಿದ ಬರಹಕ್ಕೆ ಇಂಥ ಎರಡನೇ ಜನ್ಮ ಸಿಗುವುದು ಅಪರೂಪ.

ಒಂಬತ್ತನೆಯವರನ್ನು ಕನ್ನಡ ವಿಕಿಪೀಡಿಯಕ್ಕೂ ಒಯ್ಯಬಹುದು. ಅದು 2003ರಲ್ಲಿ ಶುರುವಾದದ್ದು, ಬರೆಯುವ ಕೈ ಇನ್ನೂ ಬೇಕಾಗಿದೆ. ಲ್ಯಾಬಿನಲ್ಲಿ ಕೂತು ಎಲ್ಲರಿಗೂ ಒಂದೇ ದಿನ ಖಾತೆ ಮಾಡಲು ಹೊರಟರೆ ಆರನೆಯದರ ನಂತರ ನಿಲ್ಲುತ್ತದೆ. ಒಂದು ಇಂಟರ್ನೆಟ್ ವಿಳಾಸದಿಂದ ದಿನಕ್ಕೆ ಅಷ್ಟೇ ಬಿಡುವುದು. ಮನೆಯಿಂದ ಮಾಡಿಕೊಂಡು ಬರಲಿ, ನಿಜನಾಮ ಬೇಡ. ಮೊದಲ ಬರಹ ಅಭ್ಯಾಸಕ್ಕೆಂದೇ ಇರುವ ಪ್ರಯೋಗಪುಟದಲ್ಲಿರಲಿ. ಪಠ್ಯಪುಸ್ತಕದಿಂದ ನಕಲು ಮಾಡಿದ ಪುಟ ಹಕ್ಕುಸ್ವಾಮ್ಯದ ಕಾರಣಕ್ಕೆ ಅಳಿಸಿಹೋಗುತ್ತದೆಂದು ಮೊದಲೇ ಹೇಳಿ.

ಮುಖ್ಯೋಪಾಧ್ಯಾಯರಲ್ಲಿ ಒಂದು ಕಳಕಳಿಯ ವಿನಂತಿ. ವರ್ಷನ್ ಹಿಸ್ಟರಿಯನ್ನು ಹಾಜರಿ ಪುಸ್ತಕ ಮಾಡಬೇಡಿ. ಯಾರು ಎಷ್ಟು ಸಾಲು ಬರೆದರು, ರಾತ್ರಿ ಎಷ್ಟು ಗಂಟೆಗೆ ತೆರೆದರು ಎಂದು ಮೀಟಿಂಗಿನಲ್ಲಿ ಓದಿದ ದಿನವೇ ಶಿಕ್ಷಕರು ಪೂರ್ತಿ ಸಿದ್ಧವಾದದ್ದನ್ನಷ್ಟೇ ತಂದು ಅಂಟಿಸಲು ತೊಡಗುತ್ತಾರೆ. ಅರ್ಧಂಬರ್ಧ ಯೋಚನೆಯನ್ನು ಇನ್ನೊಬ್ಬರ ಮುಂದಿಡುವ ಧೈರ್ಯವೇ ಕೂಡಿ ಬರೆಯುವುದರ ಜೀವಾಳ. ಅದು ಒಮ್ಮೆ ಹೋದರೆ ಸುತ್ತೋಲೆಯಿಂದ ವಾಪಸು ಬರುವುದಿಲ್ಲ.

ಹತ್ತನೆಯವರು ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ ಮುಗಿಸಿ ಹೊರಡುತ್ತಾರೆ. ಅವರ ಖಾತೆಗಳನ್ನು ತಕ್ಷಣ ಅಳಿಸಬೇಡಿ. ತಮ್ಮ ಬರಹಗಳನ್ನು ಸ್ವಂತ ಜೀಮೇಲ್‌ಗೆ ಸಾಗಿಸಿಕೊಳ್ಳುವ ವ್ಯವಸ್ಥೆ ‘ಗೂಗಲ್ ಟೇಕ್‌ಔಟ್’ನಲ್ಲಿದೆ. ಜನವರಿಯ ಒಂದು ಪಿರಿಯಡ್‌ನಲ್ಲಿ ತೋರಿಸಿಕೊಡಿ. ಜೂನ್ 30ರಂದು ಅಳಿಸುತ್ತೇವೆಂದು ಪಾಲಕರಿಗೆ ಬರೆದು ತಿಳಿಸಿ, ಆ ದಿನವೇ ಅಳಿಸಿ.