ಟೀನೇಜ್ ಮಕ್ಕಳ ಜೊತೆ ನಾಲ್ಕು ದಿನದ ಪ್ಯಾರಿಸ್: ಮೊದಲು ವಾರ ನೋಡಿ

ಇಂಗ್ಲೆಂಡಿನಲ್ಲಿರುವ ಕನ್ನಡದವರು ಶಾಲೆಯ ರಜೆ ಹತ್ತಿರ ಬಂದಾಗಲೆಲ್ಲ ಕೇಳುವ ಪ್ರಶ್ನೆ ಇದು: "ಹದಿಮೂರು, ಹದಿನಾರು ವಯಸ್ಸಿನ ಮಕ್ಕಳಿದ್ದಾರೆ. ಪ್ಯಾರಿಸ್‌ಗೆ ನಾಲ್ಕು ದಿನ ಸಾಕಾ? ಏನೇನು ನೋಡೋದು?"

ಸಾಕು. ಆದರೆ ಏನು ನೋಡೋದು ಅನ್ನೋದಕ್ಕೆ ಮೊದಲು ಯಾವ ವಾರ ಅಲ್ಲಿಗೆ ತಲುಪುತ್ತೀರಿ ಅನ್ನೋದನ್ನು ತೀರ್ಮಾನ ಮಾಡಿ. ಟಿಕೆಟ್ ಅಗ್ಗ ಸಿಕ್ಕಿತು ಅಂತ ದಿನಾಂಕ ಗೊತ್ತು ಮಾಡಿದರೆ ಪ್ಲಾನ್ ಅಲ್ಲೇ ಅರ್ಧ ಕೆಡುತ್ತದೆ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಓರ್ಸೆ ಮ್ಯೂಸಿಯಂ, ವರ್ಸಾಯ್ ಅರಮನೆ, ಕ್ಯಾಟಕೂಂಬ್ (ನೆಲದಡಿಯ ಮೂಳೆ ಸುರಂಗ) ಮೂರಕ್ಕೂ ಸೋಮವಾರ ರಜೆ. ಭಾನುವಾರ ಸಂಜೆ ಇಳಿದು ಬುಧವಾರ ಹೊರಡುವವರಿಗೆ ಸಿಗುವುದೇ ಈ ಎರಡು ಪೂರ್ತಿ ದಿನ. ಮಂಗಳವಾರ ವರ್ಸಾಯ್‌ಗೆ ಹೋಗೋಣ ಅಂದರೆ, ಲೂವ್ರ್ ಮುಚ್ಚಿರುವುದರಿಂದ ಊರಿನ ಪ್ರವಾಸಿಗಳೆಲ್ಲ ಅಲ್ಲೇ ಸೇರಿರುತ್ತಾರೆ.

ಗುರುವಾರ ಬೆಳಗ್ಗೆ ತಲುಪಿ ಭಾನುವಾರ ಸಂಜೆ ಹೊರಡುವುದು ಎಲ್ಲಕ್ಕಿಂತ ಮೇಲು. ಗುರುವಾರ ಓರ್ಸೆ ರಾತ್ರಿ 9.45ರವರೆಗೆ ತೆರೆದಿರುತ್ತದೆ, ಶುಕ್ರವಾರ ಲೂವ್ರ್ 9 ಗಂಟೆಯವರೆಗೆ. ಈ ವಯಸ್ಸಿನ ಮಕ್ಕಳು ರಜೆಯಲ್ಲಿ ಹತ್ತಕ್ಕೆ ಮೊದಲು ಏಳುವುದಿಲ್ಲ. ಅವರನ್ನು ಬೈದು ಎಬ್ಬಿಸಿ ಒಂಬತ್ತರ ಸ್ಲಾಟಿಗೆ ಎಳೆದೊಯ್ಯುವ ಬದಲು ಮ್ಯೂಸಿಯಂಗಳನ್ನೇ ಸಂಜೆಗೆ ಹಾಕಿ. ಜನವೂ ಕಡಿಮೆ. ದಿನಕ್ಕೆ ಒಂದೇ ಬುಕಿಂಗ್ ಇರಲಿ. ಎರಡು ಇಟ್ಟುಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ಕೈತಪ್ಪುತ್ತದೆ, ಮನೆಮಂದಿಯ ಮುಖವೆಲ್ಲ ಗಂಟಾಗುತ್ತದೆ.

ಗುರುವಾರದಿಂದ ಇನ್ನೊಂದು ಲಾಭವೂ ಇದೆ. ಮೆಟ್ರೊದ ವಾರದ ಪಾಸ್ ಸೋಮವಾರದಿಂದ ಭಾನುವಾರಕ್ಕೆ ಲೆಕ್ಕ. ಆ ವಾರದ್ದನ್ನು ಗುರುವಾರದವರೆಗೆ ಮಾತ್ರ ಕೊಡುತ್ತಾರೆ. ಶುಕ್ರವಾರ ಇಳಿದವರಿಗೆ ಮುಂದಿನ ವಾರದ್ದೇ ಸಿಗುವುದು. 2025ರ ದರದಲ್ಲಿ ಪಾಸ್ 31.60 ಯೂರೊ, ಅದಕ್ಕೆ ಬೇಕಾದ ನಾವಿಗೊ ದೆಕುವೆರ್ತ್ ಕಾರ್ಡ್ 5 ಯೂರೊ, ಒಟ್ಟು 36.60. ವಿಮಾನ ನಿಲ್ದಾಣದ ಟಿಕೆಟ್ ಒಂದು ಕಡೆಗೆ 13, ಊರೊಳಗಿನ ಟಿಕೆಟ್ 2.50. ಹೋಗಿಬರುವುದಕ್ಕೇ 26 ಆಯಿತು. ಮೇಲೆ ಐದು ಸಲ ಮೆಟ್ರೊ ಹತ್ತಿದರೆ ಪಾಸೇ ಅಗ್ಗ. ಕಾರ್ಡಿಗೆ 25×30 ಮಿಲಿಮೀಟರ್ ಫೋಟೊ ಬೇಕು, ಮನೆಯಿಂದಲೇ ಕತ್ತರಿಸಿಕೊಂಡು ಹೋಗಿ. ಲಂಡನ್ನಿನಿಂದ ಯೂರೋಸ್ಟಾರ್ ರೈಲಿನಲ್ಲಿ ಬರುವವರಿಗೆ ವಿಮಾನ ನಿಲ್ದಾಣದ ಖರ್ಚಿಲ್ಲ, ಹಾಗಾಗಿ ಈ ಲೆಕ್ಕ ತಿರುಗುತ್ತದೆ: ಹದಿನಾಲ್ಕು ಸಲವಾದರೂ ಮೆಟ್ರೊ ಹತ್ತದಿದ್ದರೆ ಪಾಸ್ ದಂಡ, ಬಿಡಿ ಟಿಕೆಟ್ ತುಂಬಿಸಿಕೊಳ್ಳುವ 2 ಯೂರೊದ ನಾವಿಗೊ ಈಜಿ ಕಾರ್ಡ್ ಸಾಕು. ಅದು ತಲೆಗೊಂದು ಬೇಕು; ಒಂದೇ ಕಾರ್ಡ್ ತೋರಿಸಿ ನಾಲ್ವರು ಹೋಗುವಂತಿಲ್ಲ. ಹತ್ತು ತುಂಬಿದವರಿಗೆ ಮೆಟ್ರೊದಲ್ಲಿ ಮಕ್ಕಳ ದರವಿಲ್ಲ, ಆದರೆ ಹದಿನೇಳರವರು ಕೂಡ ಮ್ಯೂಸಿಯಂನಲ್ಲಿ ಮಕ್ಕಳೇ. ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ಮಕ್ಕಳದು ಬ್ರಿಟಿಷ್ ಪಾಸ್‌ಪೋರ್ಟ್, ಅಪ್ಪ ಅಮ್ಮನದು ಭಾರತದ್ದು ಅನ್ನುವ ಮನೆಗಳಲ್ಲಿ ದೊಡ್ಡವರಿಗಷ್ಟೇ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಮಕ್ಕಳಿಗೂ ವೀಸಾ ಬೇಕಾದರೆ ಹನ್ನೆರಡು ತುಂಬಿದವರಿಗೆ ಪೂರ್ತಿ ಶುಲ್ಕ, 90 ಯೂರೊ. ಬೆಂಗಳೂರಿನಿಂದ ಕೇಳುವವರಿಗೆ: ನೇರ ವಿಮಾನ ಇದೆ ನಿಜ, ಆದರೆ ಬರೀ ನಾಲ್ಕು ದಿನಕ್ಕಾಗಿ ಅಷ್ಟು ದುಡ್ಡು ಸುರಿಯಬೇಡಿ.

ಇನ್ನು ಬುಕಿಂಗ್. ಐಫೆಲ್ ಗೋಪುರದ ಲಿಫ್ಟ್ ಟಿಕೆಟ್ 60 ದಿನ ಮೊದಲು ಬಿಡುತ್ತಾರೆ, ತುದಿಯವರೆಗಿನ ಸಂಜೆಯ ಟಿಕೆಟ್ ಬೇಗ ಖಾಲಿ. ಸಿಗದಿದ್ದರೆ ಚಿಂತೆಯಿಲ್ಲ: ಎರಡನೇ ಅಂತಸ್ತಿಗೆ 674 ಮೆಟ್ಟಿಲು, ಟಿಕೆಟ್ ಅಲ್ಲೇ ಕೌಂಟರಿನಲ್ಲಿ ಸಿಗುತ್ತದೆ, ಸಾಲೂ ಚಿಕ್ಕದು. ಮಂಡಿನೋವಿಲ್ಲದವರಿಗೆ ಲಿಫ್ಟಿಗಿಂತ ಇದೇ ವಾಸಿ. ಕ್ಯಾಟಕೂಂಬ್ ಟಿಕೆಟ್ ಬಿಡುವುದು ಏಳು ದಿನ ಮೊದಲಷ್ಟೇ. ನೆಲದಡಿಯ ಸುರಂಗದಲ್ಲಿ ಲಕ್ಷಾಂತರ ಜನರ ಮೂಳೆ ಜೋಡಿಸಿಟ್ಟ ಜಾಗ ಅದು. ಒಳಗೆ ಸುಮಾರು 14 ಡಿಗ್ರಿ, ಬೇಸಿಗೆಯಲ್ಲೂ ಸ್ವೆಟರ್ ಬೇಕು. 2025ರ ನವೆಂಬರಿನಲ್ಲಿ ದುರಸ್ತಿಗೆಂದು ಮುಚ್ಚಿದ್ದರು, ಹಾಗಾಗಿ ವೆಬ್‌ಸೈಟ್ ನೋಡಿಯೇ ಮಕ್ಕಳಿಗೆ ಆಸೆ ಹುಟ್ಟಿಸಿ. ಆಧುನಿಕ ಕಲೆಯ ಪೊಂಪಿದು ಕೇಂದ್ರ 2030ರವರೆಗೆ ಮುಚ್ಚಿದೆ. ನೋತ್ರ್ ದಾಮ್ ಚರ್ಚ್ ಉಚಿತ, ಬುಕಿಂಗ್ ಇಲ್ಲದೆಯೂ ಬಿಡುತ್ತಾರೆ.

ಲೂವ್ರ್‌ನಲ್ಲಿ ಮಕ್ಕಳು ಅರ್ಧ ಗಂಟೆಗೇ ಬೇಸತ್ತರೆ ತಪ್ಪು ಅವರದಲ್ಲ, ನೀವು ಹಿಡಿದ ದಾರಿಯದು. ಗಾಜಿನ ಪಿರಮಿಡ್ಡಿನ ಕೆಳಗೆ ಮೂರು ದ್ವಾರ: ದೆನೋಂ, ಸುಲ್ಲಿ, ರಿಶಲ್ಯೂ. ಮೋನಾಲಿಸಾ ಇರುವುದು ದೆನೋಂನಲ್ಲಿ, ಅದಕ್ಕೇ ಎಲ್ಲರೂ ಅತ್ತ ನುಗ್ಗುತ್ತಾರೆ. ನೀವು ಸುಲ್ಲಿಯಿಂದ ಶುರು ಮಾಡಿ. ಒಳಗೆ ಹೋದ ಕೂಡಲೇ ಹಳೆಯ ಕೋಟೆಯ ಬುಡ ಸಿಗುತ್ತದೆ. ಲೂವ್ರ್ ಅರಮನೆಯಾಗುವ ಮೊದಲು ಹನ್ನೆರಡನೇ ಶತಮಾನದ ಕೋಟೆ. ಒಣಗಿದ ಕಂದಕದೊಳಗೇ ನಡೆಯುತ್ತೀರಿ. ಅದನ್ನು ದಾಟಿದರೆ ಈಜಿಪ್ಟಿನ ದೊಡ್ಡ ಸ್ಫಿಂಕ್ಸ್. ಅಲ್ಲಿಂದ ರಿಶಲ್ಯೂ ಕಡೆಗೆ ಹೋದರೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ ಶಾಸನ: ಎರಡು ಮೀಟರಿಗೂ ಎತ್ತರದ ಕಪ್ಪು ಕಲ್ಲು, ಮೈತುಂಬ ಮೊಳೆಯಾಕಾರದ ಕ್ಯೂನಿಫಾರಂ ಅಕ್ಷರ, ನೆತ್ತಿಯಲ್ಲಿ ದೇವರ ಮುಂದೆ ನಿಂತ ರಾಜ. ಪಠ್ಯಪುಸ್ತಕದಲ್ಲಿ ನೋಡಿದ್ದು ಎದುರಿಗೇ ನಿಂತಾಗ ಫೋನ್ ಕೆಳಗಿಳಿಯುತ್ತದೆ. ಮೋನಾಲಿಸಾ ಕೊನೆಗಿರಲಿ, ಎಂಟರೊಳಗೆ. ಮುಚ್ಚುವ ಅರ್ಧ ಗಂಟೆ ಮೊದಲೇ ಕೋಣೆಗಳನ್ನು ಖಾಲಿ ಮಾಡಿಸುತ್ತಾರೆ. ಚಿತ್ರದ ಅಗಲ 53 ಸೆಂಟಿಮೀಟರ್ ಅಂತ ಮೊದಲೇ ಹೇಳಿಬಿಡಿ, ನಿರಾಸೆ ಕಡಿಮೆಯಾಗುತ್ತದೆ. ಐರೋಪ್ಯ ಆರ್ಥಿಕ ವಲಯದ ಹೊರಗಿನ ದೊಡ್ಡವರಿಗೆ 2026ರ ಜನವರಿಯಿಂದ ಟಿಕೆಟ್ 32 ಯೂರೊ. ಹದಿನೆಂಟು ತುಂಬದವರಿಗೆ ದುಡ್ಡಿಲ್ಲ, ಆದರೆ ಅವರಿಗೂ ಸ್ಲಾಟ್ ತೆಗೆದಿಡಿ.

ಒಂದು ಅರ್ಧ ದಿನವನ್ನು ಪೂರ್ತಿ ಮಕ್ಕಳಿಗೇ ಬಿಟ್ಟುಕೊಡಿ: ಜಾಗ, ದಾರಿ, ಊಟ ಎಲ್ಲ ಅವರದೇ ಆಯ್ಕೆ. ವಿಜ್ಞಾನದ ಹುಚ್ಚಿರುವವರಿಗೆ ಆರ್ ಎ ಮೆತಿಯೆ ಮ್ಯೂಸಿಯಂನಲ್ಲಿ, ಭೂಮಿ ತಿರುಗುವುದನ್ನು ತೋರಿಸುವ ಫೂಕೋನ ಲೋಲಕವಿದೆ. ಮೆಟ್ರೊದ 11ನೇ ಲೈನಿನಲ್ಲಿ ಹೋಗಲಿ, ಅದೇ ಹೆಸರಿನ ನಿಲ್ದಾಣದ ಗೋಡೆಗೆಲ್ಲ ತಾಮ್ರದ ತಗಡು ಹೊಡೆದು ಜಲಾಂತರ್ಗಾಮಿಯಂತೆ ಮಾಡಿದ್ದಾರೆ. ಮೆಟ್ರೊ ಬಾಗಿಲ ಪಕ್ಕ ನಿಂತು ಫೋನ್ ನೋಡಬಾರದು ಅಂತ ಮಾತ್ರ ಖಡಾಖಂಡಿತ ಹೇಳಿ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಕಳ್ಳರು ಫೋನ್ ಕಸಿದು ಇಳಿದುಬಿಡುತ್ತಾರೆ.

ಹೋಟೆಲ್ ಹುಡುಕುವಾಗ ಮಕ್ಕಳ ವಯಸ್ಸನ್ನು ಸರಿಯಾಗಿ ಹಾಕಿ. ಹನ್ನೆರಡು ದಾಟಿದವರನ್ನು ಅನೇಕ ಕಡೆ ದೊಡ್ಡವರೆಂದೇ ಎಣಿಸುತ್ತಾರೆ, ಇಬ್ಬರ ಕೋಣೆಯಲ್ಲಿ ನಾಲ್ವರನ್ನು ಬಿಡುವುದಿಲ್ಲ. ಅಡುಗೆ ಮೂಲೆಯಿರುವ ಅಪಾರ್ಟ್‌ಮೆಂಟ್ ಹೋಟೆಲ್ ಸಿಕ್ಕರೆ ಬಿಡಬೇಡಿ.

ಯಾಕೆಂದರೆ ಊಟವೇ ದೊಡ್ಡ ತಲೆನೋವು. ಬಹಳಷ್ಟು ರೆಸ್ಟೊರೆಂಟ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಏಳಕ್ಕೆ. ಮಕ್ಕಳಿಗೆ ಹಸಿವಾಗುವುದು ನಾಲ್ಕಕ್ಕೆ. ಬೇಕರಿಯಿಂದ ಒಂದು ಬ್ಯಾಗೆಟ್, ಅಂಗಡಿಯಿಂದ ಚೀಸ್, ಹಣ್ಣು ಬ್ಯಾಗಿನಲ್ಲಿರಲಿ. ಸಸ್ಯಾಹಾರಿಗಳು ಈರುಳ್ಳಿ ಸೂಪ್ ಕಂಡು ಹಿಗ್ಗಬೇಡಿ, ಅದು ಸಾಮಾನ್ಯವಾಗಿ ದನದ ಮೂಳೆಯ ರಸದ್ದು. ಕೀಶ್ ಲೊರೇನ್‌ನಲ್ಲಿ ಹಂದಿಮಾಂಸದ ತುಣುಕು ಇರುತ್ತದೆ. "ಸಾಂ ವಿಯಾಂದ್, ಸಾಂ ಪುವಾಸೋಂ", ಅಂದರೆ ಮಾಂಸ ಬೇಡ, ಮೀನು ಬೇಡ, ಅಂತ ಬಾಯಿಪಾಠ ಮಾಡಿಸಿ. ಮರೇ ಬಡಾವಣೆಯ ರೂ ದೆ ರೋಸಿಯೆ ಬೀದಿಯ ಫಲಾಫೆಲ್ ಹೊಟ್ಟೆ ತುಂಬಿಸುತ್ತದೆ, ಆದರೆ ಯಹೂದಿಯರ ಸಬ್ಬತ್ ಕಾರಣ ಅಲ್ಲಿನ ಹೆಸರುವಾಸಿ ಅಂಗಡಿ ಶುಕ್ರವಾರ ಸಂಜೆಯಿಂದ ಶನಿವಾರ ಪೂರ್ತಿ ತೆರೆಯುವುದಿಲ್ಲ. ಗುರುವಾರ ಮಧ್ಯಾಹ್ನವೇ ಮುಗಿಸಿಬಿಡಿ.

ದೋಸೆ ಬೇಕೆಂದು ಹಟ ಹಿಡಿದವರಿಗೆ ಗಾರ್ ದ್ಯು ನೋರ್ ನಿಲ್ದಾಣದ ಹಿಂದಿನ ಲಾ ಶಪೆಲ್ ಕಡೆ ತಮಿಳರ ಅಂಗಡಿ ಸಾಲೇ ಇದೆ. ಯೂರೋಸ್ಟಾರ್ ಹೊರಡುವುದೂ ಅದೇ ನಿಲ್ದಾಣದಿಂದ, ಹಾಗಾಗಿ ಭಾನುವಾರದ ಊಟ ಅಲ್ಲಿಗೇ ಇಟ್ಟುಕೊಳ್ಳಿ. ಉಂಡು ಒಂದೂವರೆ ಗಂಟೆ ಮೊದಲೇ ನಿಲ್ದಾಣ ಸೇರಿ: ಫ್ರೆಂಚರ ತಪಾಸಣೆ, ಬ್ರಿಟಿಷರ ತಪಾಸಣೆ, ಬ್ಯಾಗ್ ಸ್ಕ್ಯಾನ್ ಮೂರೂ ಅಲ್ಲೇ ಆಗಬೇಕು, ಮತ್ತು ಅದರ ದ್ವಾರ ಮಾಮೂಲಿ ಪ್ಲಾಟ್‌ಫಾರಂ ಮಟ್ಟದಲ್ಲಿಲ್ಲ, ಮೇಲಿನ ಅಂತಸ್ತಿನಲ್ಲಿದೆ.