ಗೋತ್ರ ಕಾಶ್ಯಪ, ನಕ್ಷತ್ರ ಆರಿದ್ರ

ಅವ್ವಿ ತೀರಿಕೊಂಡ ಮೇಲೆ ಅವಳ ಪೆಟ್ಟಿಗೆಯ ತಳದಲ್ಲಿ ಅರಿಶಿನ ಬಟ್ಟೆಯ ಒಂದು ಗಂಟು ಸಿಕ್ಕಿತು. ಒಳಗೆ ಒಂದೂಕಾಲು ರೂಪಾಯಿ. ಅದರಲ್ಲಿದ್ದ ನಾಲ್ಕಾಣೆ 2011ರಲ್ಲೇ ಚಲಾವಣೆಯಿಂದ ಹೋಗಿದೆ. ಅಕ್ಕನಿಗೆ ಗೊತ್ತಿತ್ತು: ನನಗೆ ಏಳು ವರ್ಷವಿದ್ದಾಗ ವಿಷಮಜ್ವರ ಬಂದು ಬದುಕುವ ಆಸೆಯೇ ಇರಲಿಲ್ಲವಂತೆ. ಗೋಕರ್ಣದ ದೇವರಿಗೆ ರುದ್ರಾಭಿಷೇಕ ಮಾಡಿಸುತ್ತೇನೆಂದು ಅವ್ವಿ ಆಗ ಕಟ್ಟಿಟ್ಟ ಮುಡಿಪು ಅದು. ಅಂಕೋಲೆಯಿಂದ ಗೋಕರ್ಣ ಏನು ದೂರ? ಆದರೂ ನಟ್ಟಿ, ಕೊಯ್ಲು, ಹೆಣ್ಣುಮಕ್ಕಳ ಬಾಣಂತನ ಅನ್ನುತ್ತ ಐವತ್ತು ವರ್ಷ ಮೀರಿಹೋಯಿತು.

ಶಿವರಾತ್ರಿಯ ನೂಕುನುಗ್ಗಲು ನನಗಾಗದು. ಅದಕ್ಕೆ ಹದಿನೈದು ದಿನ ಮೊದಲಿನ ಒಂದು ಸೋಮವಾರ ಹೋದೆ. ಸಮುದ್ರಸ್ನಾನ, ಆಮೇಲೆ ಮೊದಲು ಗಣಪತಿ, ರಾವಣ ಗುದ್ದಿದ ಗುಳಿ ತಲೆಯಲ್ಲಿರುವ ಆ ಮಾಣಿ. ನಂತರ ಅಂಗಿ ಕಳಚಿ, ಪಂಚೆ ಬಿಗಿದು ಮಹಾಬಲೇಶ್ವರನ ಬಾಗಿಲು.

ಸಂಕಲ್ಪಕ್ಕೆ ಕೂರಿಸಿದ ಭಟ್ಟರು ಕೇಳಿದರು, ‘ಗೋತ್ರ?’

‘ಗೋತ್ರ ಇಲ್ಲ ಭಟ್ರೆ, ಬಳಿ ಅದೆ. ಕಡವೆ ಬಳಿ.’

ನಮ್ಮ ಕಡೆ ಮದುವೆ ಮಾತುಕತೆಯಲ್ಲಿ ನೋಡುವುದು ಬಳಿಯನ್ನು. ಒಂದೇ ಬಳಿಯವರು ಅಣ್ಣತಂಗಿ, ಸಂಬಂಧ ಕೂಡದು. ಕಡವೆ ಬಳಿಯವರು ಕಡವೆ ಮಾಂಸ ಮುಟ್ಟಬಾರದೆಂದು ಅಜ್ಜ ಹೇಳುತ್ತಿದ್ದ. ಹುಡುಗನಾಗಿದ್ದಾಗ ನನಗೆ ಅದು ಭಾರಿ ಹೆಮ್ಮೆ. ಕಾಡಿನಲ್ಲಿ ಕೋಡು ಹೊತ್ತು ನಿಂತ ಒಬ್ಬ ದೊಡ್ಡಪ್ಪ ನನಗಿದ್ದಾನೆ ಅಂತ.

‘ಗೋತ್ರ ತಿಳಿಯದವರಿಗೆ ಕಾಶ್ಯಪ ಹೇಳೂದು. ನಕ್ಷತ್ರ?’

ಇಲ್ಲಿ ನಾನು ಇನ್ನೂ ಗಲಿಬಿಲಿ. ಆಧಾರ್ ಕಾರ್ಡಿನಲ್ಲಿ ನಾನು ಹುಟ್ಟಿದ್ದು ಜೂನ್ 1. ನಮ್ಮ ಓರಗೆಯ ಅರ್ಧ ಊರು ಹುಟ್ಟಿದ್ದು ಅದೇ ದಿನ. ಶಾಲೆಗೆ ಸೇರಿಸುವಾಗ ಮಾಸ್ತರರು ಲೆಕ್ಕಕ್ಕೆ ಅನುಕೂಲವಾಗಲೆಂದು ಬರೆದದ್ದು. ಅವ್ವಿ ಹೇಳುತ್ತಿದ್ದುದು ಬೇರೆ: ‘ನೀ ಹುಟ್ಟದ್ದು ಆರಿದ್ರ ಮಳೆಲಿ. ಹಳ್ಳ ತುಂಬಿ ಸೂಲಗಿತ್ತಿಗೆ ದಾಟೂಕೆ ಆಗ್ಲಿಲ್ಲ.’ ಆರಿದ್ರ ಮಳೆ ಹಿಡಿಯುವುದು ಜೂನ್ ಮೂರನೇ ವಾರ ಕಳೆದ ಮೇಲೆ. ಅಂದರೆ ಸರ್ಕಾರದ ದಾಖಲೆಯಲ್ಲಿ ನಾನು ಹುಟ್ಟುವ ಮೊದಲೇ ಹುಟ್ಟಿದವನು.

‘ಆರಿದ್ರ’ ಅಂದೆ. ಭಟ್ಟರು ನಕ್ಕರು. ಮಳೆ ನಕ್ಷತ್ರ ಸೂರ್ಯನದ್ದು, ಒಂದೊಂದರಲ್ಲಿ ಅವನು ಹದಿಮೂರು ಹದಿನಾಲ್ಕು ದಿನ ಕೂರುತ್ತಾನೆ. ಜನ್ಮನಕ್ಷತ್ರ ಚಂದ್ರನದ್ದು, ಅವನು ದಿನಕ್ಕೊಂದು ಮನೆ ಬದಲಿಸುತ್ತಾನೆ. ‘ಎರಡೂ ಬೇರೆ ಮಾರಾಯ್ರೆ. ಇರ್ಲಿ, ಆರಿದ್ರಕ್ಕೆ ಅಧಿದೇವತೆ ರುದ್ರನೇ. ಅವನ ಬುಡಕ್ಕೇ ಬಂದೀರಿ’ ಎಂದು ನನ್ನ ಬಲ ಅಂಗೈಗೆ ನೀರು, ಅಕ್ಷತೆ ಹಾಕಿದರು.

ಸಂಕಲ್ಪ ಎಷ್ಟೋ ಸಲ ಕೇಳಿದ್ದೆ, ಕಿವಿಗೊಟ್ಟದ್ದು ಅವತ್ತೇ. ಬ್ರಹ್ಮನ ಆಯುಷ್ಯದ ಎರಡನೇ ಅರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಇಪ್ಪತ್ತೆಂಟನೇ ಕಲಿಯುಗ, ಅದರ ಮೊದಲ ಪಾದ. ಒಂದು ಕಲ್ಪಕ್ಕೆ 432 ಕೋಟಿ ವರ್ಷ. ಆಮೇಲೆ ಭರತಖಂಡ, ಗೋಕರ್ಣ ಮಂಡಲ, ಸಂವತ್ಸರ, ಮಾಸ, ತಿಥಿ, ವಾರ. ಕೊನೆಯಲ್ಲಿ ಕಾಶ್ಯಪ ಗೋತ್ರದ, ಆರಿದ್ರ ನಕ್ಷತ್ರದ ನಾನು. ಟಪಾಲಿನ ಮೇಲೆ ನಾವು ಹೆಸರು ಮೊದಲು ಬರೆದು ಜಿಲ್ಲೆ ಕೊನೆಗೆ ಬರೆಯುತ್ತೇವೆ. ಇದು ತಿರುವುಮುರುವು, ಜಗತ್ತಿನ ಹುಟ್ಟಿನಿಂದ ಹೊರಟು ನನ್ನ ಅಂಗೈಯ ನೀರಿಗೆ ಬಂದು ನಿಲ್ಲುತ್ತದೆ. (ಈ 432 ಕೋಟಿಯನ್ನು ಭೂಮಿಯ ವಯಸ್ಸು 454 ಕೋಟಿ ಎನ್ನುವ ವಿಜ್ಞಾನದ ಲೆಕ್ಕದ ಪಕ್ಕ ಇಟ್ಟು ‘ನೋಡಿ, ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎನ್ನುವವರುಂಟು. ಈ ಕಲ್ಪದಲ್ಲಿ ಕಳೆದದ್ದು ಸುಮಾರು 197 ಕೋಟಿ ಎಂದೇ ಪಂಚಾಂಗ ಹೇಳುತ್ತದೆ. ಆ ಕುಣಿತ ನನಗೆ ಸೇರುವುದಿಲ್ಲ.)

ಅಷ್ಟು ದೊಡ್ಡ ವಿಳಾಸದ ತುದಿಗೆ ಬರೆದ ಹೆಸರಿನ ಗೋತ್ರವೂ ನಕ್ಷತ್ರವೂ ತಪ್ಪು. ಮನಸ್ಸಿಗೆ ಕಿರಿಕಿರಿಯಾಯಿತು. ಆಮೇಲೆ ಕಶ್ಯಪನ ಮನೆ ನೆನಪಾಯಿತು. ಅದಿತಿಯಲ್ಲಿ ದೇವತೆಗಳು, ದಿತಿಯಲ್ಲಿ ದೈತ್ಯರು, ಕದ್ರುವಿನಲ್ಲಿ ಹಾವುಗಳು, ವಿನತೆಯಲ್ಲಿ ಗರುಡ. ಕಾಲು ರೆಕ್ಕೆ ಇರುವ ಎಲ್ಲವೂ ಅವನ ಮಕ್ಕಳೇ. ಹಾಗಿದ್ದರೆ ಕಡವೆಯೂ ಕಾಶ್ಯಪ ಗೋತ್ರದ್ದೇ. ಅಜ್ಜ ಹೇಳಿದ್ದನ್ನೇ ಭಟ್ಟರು ಸಂಸ್ಕೃತದಲ್ಲಿ ಹೇಳಿದ್ದರು.

ಅಭಿಷೇಕ ನಡೆಯುವಾಗ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ಆ ಏಳು ವರ್ಷದ ಹುಡುಗ ನನಗೆ ನೆನಪೇ ಇಲ್ಲ. ಜ್ವರ ನೆನಪಿಲ್ಲ, ಗಂಟು ಕಟ್ಟಿದ್ದು ನೆನಪಿಲ್ಲ. ಹರಕೆ ಹೊತ್ತವಳು ಅವ್ವಿ, ಬದುಕಿದವನು ಅವನು, ತೀರಿಸಲು ಕೂತವನು ಮಂಡಿನೋವಿನ ಈ ಮುದುಕ. ಅವನು ನಾನೇ ಎನ್ನಲು ಏನು ಆಧಾರ? ಅಕ್ಕನ ಮಾತೊಂದೇ. ಆದರೆ ಸಾಲ ಮಾಡಿದವನು ನಾನಲ್ಲ, ಆಗಿನ ಮನುಷ್ಯ ಬೇರೆ ಎನ್ನುವ ವಾದ ಸೊಸೈಟಿಯಲ್ಲೇ ನಡೆಯುವುದಿಲ್ಲ, ದೇವರ ಮುಂದೆ ನಡೆಯುತ್ತದೆಯೇ? ಬಹುಶಃ ಹರಕೆಯೇ ನಮ್ಮಿಬ್ಬರನ್ನು ಒಂದು ಗಂಟಿನಲ್ಲಿ ಕಟ್ಟಿಟ್ಟದ್ದು.

ಸ್ಪರ್ಶದರ್ಶನಕ್ಕೆ ಬಿಟ್ಟರು. ಇಲ್ಲಿ ಆತ್ಮಲಿಂಗ ಕಣ್ಣಿಗೆ ಕಾಣುವುದು ಕಡಿಮೆ. ಸಾಲಿಗ್ರಾಮ ಪೀಠ, ಅದರ ನಡುವೆ ಚಿಕ್ಕ ಕುಳಿ. ಬಗ್ಗಿ ಬೆರಳು ಇಳಿಸಬೇಕು. ತಣ್ಣನೆ ನೀರು, ಬೆರಳಿಗೆ ಅಂಟಿದ ಒಂದು ಬಿಲ್ವದೆಲೆ, ಎಲೆಯ ಕೆಳಗೆ ಒರಟು ಕಲ್ಲಿನ ತುದಿ. ಅಷ್ಟೇ. ಹಿಂದಿನವರು ಒತ್ತುತ್ತಿದ್ದರು, ಎದ್ದೆ.

ಈ ಊರಿನ ಹೆಸರಿಗೇ ಸೃಷ್ಟಿಯ ಕಥೆಯೊಂದಿದೆ. ಜಗತ್ತನ್ನು ಸೃಷ್ಟಿಸು ಎಂದು ಬ್ರಹ್ಮ ರುದ್ರನಿಗೆ ಹೇಳಿದನಂತೆ. ರುದ್ರ ಪಾತಾಳದಲ್ಲಿ ತಪಸ್ಸಿಗೆ ಕೂತ, ಏಳಲೇ ಇಲ್ಲ. ಕಾದು ಬೇಸತ್ತ ಬ್ರಹ್ಮ ತಾನೇ ಸೃಷ್ಟಿಸಿಬಿಟ್ಟ. ಕೊನೆಗೆ ರುದ್ರ ಸಿಟ್ಟಿನಿಂದ ಮೇಲೇಳುವಾಗ, ಗೋವಿನ ರೂಪದಲ್ಲಿದ್ದ ಭೂದೇವಿ ತನ್ನ ಕಿವಿಯಲ್ಲಿ ದಾರಿ ಕೊಟ್ಟಳು. ಅವನು ಸಣ್ಣವನಾಗಿ ಹೊರಬಂದ. ಜಗತ್ತು ತನ್ನನ್ನು ಕಾಯದೆ ಆಗಿಹೋಗಿತ್ತು. ನನಗೆ ಈ ತಡವಾದ ದೇವರ ಮೇಲೆ ಒಂಥರಾ ಸಲುಗೆ. ನಾವೂ ಎಲ್ಲ ಆದ ಮೇಲೇ ಬಂದವರು, ಹುಟ್ಟಿದ ತಾರೀಖನ್ನೂ ಬೇರೆಯವರ ಬಾಯಿಂದಲೇ ಕೇಳಬೇಕು.

ವೇದಾಂತಿಗಳು ‘ಇದಲ್ಲ, ಇದಲ್ಲ’ ಎಂದು ಹೆಸರು, ಕುಲ, ದೇಹ ಸುಲಿದು ಎಸೆಯಲು ಹೇಳುತ್ತಾರೆ. ಸುಲಿದದ್ದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಕರಾವಳಿಯನ್ನು ಕೇಳಬೇಕು. ಲಿಂಗ ಕೀಳಲಾಗದ ರಾವಣ ಸಿಟ್ಟಿನಲ್ಲಿ ಅದರ ಹೊದಿಕೆಗಳನ್ನು ಒಂದೊಂದಾಗಿ ಎಸೆದ. ಸಂಪುಟ ಕಾರವಾರದ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ವಸ್ತ್ರ ಮುರುಡೇಶ್ವರದಲ್ಲಿ ಬಿತ್ತು. ಒಂದೂ ಕಸವಾಗಲಿಲ್ಲ. ನಾಲ್ಕಕ್ಕೂ ದೀಪ, ನಾಲ್ಕಕ್ಕೂ ತೇರು. ಜೂನ್ 1 ಎಂಬ ನನ್ನ ಮುಚ್ಚಳದ ಮೇಲೆ ಆಮೇಲೆ ನನಗೆ ಅಷ್ಟು ಸಿಟ್ಟು ಉಳಿಯಲಿಲ್ಲ.

ಮುಡಿಪನ್ನು ಹುಂಡಿಗೆ ಹಾಕುವಾಗ ನಡೆಯದ ನಾಲ್ಕಾಣೆ ತೆಗೆಯಲೋ ಬೇಡವೋ ಎಂದು ಒಂದು ಕ್ಷಣ ನಿಂತೆ. ಗಂಟು ಬಿಚ್ಚದೆ ಹಾಗೇ ಹಾಕಿದೆ.

ವಾಪಸು ಬರುವಾಗ ಮಾದನಗೇರಿ ಕ್ರಾಸಿನಲ್ಲಿ ಬಸ್ಸು ಕಾಯುತ್ತಿದ್ದೆ. ಬಸಳೆ ಕಟ್ಟು ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಹತ್ತು ವರ್ಷದ ಹಿಂದೆ ತೀರಿಕೊಂಡ ನನ್ನ ಅಣ್ಣನ ಹೆಸರು ಹಿಡಿದು ಕರೆದಳು.

‘ಅವ್ವಿ ಹುಷಾರಾಗವ್ಳಾ?’

‘ಹುಷಾರವ್ಳೆ’ ಅಂದೆ. ಒಂದು ಕಟ್ಟು ಬಸಳೆ ಕೊಟ್ಟಳು, ಅವ್ವಿಗೆ ಕೊಡು ಎಂದು. ದುಡ್ಡು ತೆಗೆದುಕೊಳ್ಳಲಿಲ್ಲ.