ಒಂದು ಅರ್ಜಿಗೆ 32 ಕೆಬಿ

2000ನೇ ಇಸವಿ. ತುಮಕೂರಿನ ಅಶೋಕ ರಸ್ತೆ ಪಕ್ಕದ ಗಲ್ಲಿಯಲ್ಲಿದ್ದ ಡಿಟಿಪಿ ಅಂಗಡಿಯಲ್ಲಿ ನಾನು ಟೈಪಿಂಗ್ ಮಾಡುತ್ತಿದ್ದೆ. ಮದುವೆ ಸೀಸನ್ ಜೋರಾಗಿತ್ತು. ಒಂದು ಲಗ್ನಪತ್ರಿಕೆ ಸೇವ್ ಮಾಡಲು ಹೋದರೆ ಡಿಸ್ಕ್ ಫುಲ್ ಅಂತ ಬಂತು.

"ಹಳೇ ಅರ್ಜಿಗಳನ್ನೆಲ್ಲ ತೆಗೆದುಬಿಡಪ್ಪ" ಎಂದರು ಅಂಗಡಿಯ ಅಣ್ಣ.

ನನಗೆ ಮನಸ್ಸು ಬರಲಿಲ್ಲ. ವರ್ಡ್‌ಸ್ಟಾರ್ ಕಾಲದಿಂದ ಕೂಡಿಟ್ಟ ಅರ್ಜಿ, ಬಯೋಡೇಟಾ, ಅಫಿಡವಿಟ್ ಸೇರಿ 9,000 ಫೈಲು. ಗುಬ್ಬಿಯಿಂದಲೋ ಕುಣಿಗಲ್‌ನಿಂದಲೋ ಬಸ್ಸಿಳಿದು ಬಂದವರು "ಹೋದ ವರ್ಷದ ಅರ್ಜೀನೇ, ತಾರೀಕು ಬದಲಾಯಿಸಿ ಕೊಡಿ" ಅನ್ನುತ್ತಿದ್ದರು. ಅವರಿಗೆ ಏನು ಹೇಳೋದು?

ಒಂದು ಅರ್ಜಿಯ ಪ್ರಾಪರ್ಟೀಸ್ ತೆಗೆದು ನೋಡಿದೆ. ಸೈಜ್ 1,260 ಬೈಟ್. ಪಕ್ಕದಲ್ಲೇ, ಬಳಸಿಕೊಂಡದ್ದು 32,768 ಬೈಟ್! ಒಂದು ತೆಂಗಿನಕಾಯಿಗೆ ಒಂದು ಇಡೀ ಚೀಲ ಕೊಟ್ಟ ಹಾಗೆ. ಚೀಲದಲ್ಲಿ ಎಷ್ಟೇ ಜಾಗ ಉಳಿದರೂ ಬೇರೆ ಕಾಯಿ ಹಾಕುವಂತಿಲ್ಲ. ಆ ಚೀಲವೇ ಕ್ಲಸ್ಟರ್.

ಕಾರಣ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಡಿಸ್ಕ್ 2.1 ಜಿಬಿಯದು, ಪೂರ್ತಿ ಒಂದೇ ಸಿ ಡ್ರೈವ್. ವಿಂಡೋಸ್ 95ರ ಮೇಲೆ 98 ಹಾಕಿದ್ದರೂ ಒಳಗೆ ಫೈಲುಗಳ ಜಾಗದ ಲೆಕ್ಕ ಇಡೋ ಹಳೇ ಪದ್ಧತಿ ಫ್ಯಾಟ್16 ಹಾಗೇ ಉಳಿದಿತ್ತು. ಅದು ಲೆಕ್ಕ ಇಡೋದು 16 ಬಿಟ್‌ನಲ್ಲಿ. ಅಂದರೆ ಸುಮಾರು 65,000 ಚೀಲಕ್ಕೆ ಮಾತ್ರ ನಂಬರ್ ಕೊಡಬಲ್ಲದು. ಡಿಸ್ಕ್ ದೊಡ್ಡದಾದಷ್ಟೂ ಚೀಲವನ್ನೇ ದೊಡ್ಡದು ಮಾಡಬೇಕು. 1 ಜಿಬಿ ದಾಟಿದರೆ 32 ಕೆಬಿ. ಅದರ ಮುಂದಿನ ಆವೃತ್ತಿ ಫ್ಯಾಟ್32ರಲ್ಲಿ ನಂಬರ್‌ಗಳು ಬೇಕಾದಷ್ಟಿವೆ, 8 ಜಿಬಿ ತನಕ 4 ಕೆಬಿ ಚೀಲ ಸಾಕು. ಪೇಪರ್ ಮೇಲೆ ಲೆಕ್ಕ ಹಾಕಿದೆ. ನಮ್ಮ 9,000 ಫೈಲು ಹಿಡಿದಿದ್ದ ಜಾಗ 280 ಎಂಬಿ, ಬೇಕಾಗಿದ್ದು 35!

ಅಣ್ಣನಿಗೆ ಪೇಪರ್ ತೋರಿಸಿ, ಇದೇ ಡಿಸ್ಕ್ ಅಳಿಸಿ ಫ್ಯಾಟ್32 ಮಾಡೋಣ ಎಂದೆ. ಹೊಸ ಡಿಸ್ಕ್ ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗೋ ಯೋಚನೆಯಲ್ಲಿದ್ದರು. "ಭಾನುವಾರ ಮಾಡು. ಒಂದು ಫೈಲೂ ಹೋಗಬಾರದು ಕಣಪ್ಪ" ಎಂದರು.

ಗೆಳೆಯನ ಹಾರ್ಡ್ ಡಿಸ್ಕ್ ತಂದು, ಜಂಪರ್ (ಹಿಂಬದಿಯ ಪುಟ್ಟ ಪಿನ್ ಕ್ಲಿಪ್) ಬದಲಾಯಿಸಿ ಸ್ಲೇವ್, ಅಂದರೆ ಎರಡನೇ ಡಿಸ್ಕ್ ಮಾಡಿ ಎಲ್ಲ ಕಾಪಿ ಮಾಡಿದೆ. ಬೇರೆ ಬೇರೆ ಕಡೆಯ ಐವತ್ತು ಫೈಲು ತೆರೆದು ನೋಡಿದೆ. ಆಮೇಲೆ ಆ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟೆ. ಇದನ್ನು ಯಾರೂ ಮರೆಯಬಾರದು. ಎಫ್‌ಡಿಸ್ಕ್ ಅನ್ನೋ ಡಿಸ್ಕ್ ಭಾಗ ಮಾಡೋ ಪ್ರೋಗ್ರಾಂ ಮುಂದೆ ಎರಡು ಡಿಸ್ಕ್ ಇದ್ದರೆ, ಕೈತಪ್ಪಿ ಒಂದು ನಂಬರ್ ಒತ್ತಿದರೆ ಸಾಕು, ಉಳಿಸಿಕೊಂಡದ್ದೂ ಹೋಗುತ್ತೆ.

ಬೂಟ್ ಫ್ಲಾಪಿ ಹಾಕಿ ಎಫ್‌ಡಿಸ್ಕ್ ಕೊಟ್ಟೆ. ದೊಡ್ಡ ಡಿಸ್ಕ್ ಸಪೋರ್ಟ್ ಬೇಕಾ ಅಂತ ಮೊದಲೇ ಕೇಳುತ್ತೆ. ಫ್ಯಾಟ್32 ಬರೋದು ಅಲ್ಲಿ 'ವೈ' ಒತ್ತಿದರೆ ಮಾತ್ರ. ಹಳೇ ಪಾರ್ಟಿಷನ್ ಅಳಿಸುವಾಗ ಕೈ ಸ್ವಲ್ಪ ನಡುಗಿತು. ವಿಂಡೋಸ್‌ಗೂ ಅರ್ಜಿಗಳಿಗೂ 1,200 ಎಂಬಿಯ ಸಿ, ಉಳಿದ 800 ಎಂಬಿ ಡಿ. ಸಿ ಪಾರ್ಟಿಷನ್ನನ್ನು ಆಕ್ಟಿವ್ ಮಾಡಿದೆ, ಇಲ್ಲದಿದ್ದರೆ ಬೂಟ್ ಆಗಲ್ಲ.

ಸಿ ಫಾರ್ಮ್ಯಾಟ್ 60 ಪರ್ಸೆಂಟ್ ದಾಟಿತ್ತು, ಕರೆಂಟ್ ಹೋಯಿತು. ಯುಪಿಎಸ್ ಇರಲಿಲ್ಲ. ಒಂದು ಗಂಟೆ ಕತ್ತಲಲ್ಲಿ ಕೂತು, ಮತ್ತೆ ಸೊನ್ನೆಯಿಂದ ಶುರು ಮಾಡಿದೆ.

ಡಿ ಡ್ರೈವಿಗೆ ಮಾತ್ರ ಬೇಕಂತಲೇ 8 ಕೆಬಿ ಕೊಟ್ಟೆ. ಫಾರ್ಮ್ಯಾಟ್ ಕಮಾಂಡಿಗೆ ಝಡ್ ಸೇರಿಸಿ 16 ಅಂತ ಹಾಕಿದರೆ, 512 ಬೈಟಿನ 16 ಸೆಕ್ಟರ್, ಅಂದರೆ ಡಿಸ್ಕಿನ ಚಿಕ್ಕ ತುಂಡುಗಳು, ಸೇರಿ ಒಂದು ಕ್ಲಸ್ಟರ್ ಆಗುತ್ತೆ. ಅಲ್ಲಿಗೆ ಹೋಗೋದು ಸ್ಕ್ಯಾನ್ ಮಾಡಿದ ಫೋಟೋಗಳು, ಒಂದೊಂದೂ ಹತ್ತು ಎಂಬಿ. ಅಂಥ ಫೈಲಿನ ಕೊನೆಯಲ್ಲಿ ನಾಲ್ಕೈದು ಕೆಬಿ ಹೋದರೆ ಏನಂತೆ? ಚೀಲಗಳ ಲೆಕ್ಕ ಬರೆದಿಡೋ ಫ್ಯಾಟ್ ಟೇಬಲ್ ಅರ್ಧಕ್ಕೆ ಇಳಿಯುತ್ತೆ. ಒಳಗೆ ಏನು ತುಂಬುತ್ತೀವಿ ಅಂತ ನೋಡದೆ ಚೀಲದ ಅಳತೆ ಹೇಳೋದು ತಪ್ಪು ಅಂತ ನನಗೆ ಈಗಲೂ ಅನಿಸುತ್ತೆ.

ವಿಂಡೋಸ್, ಪೇಜ್‌ಮೇಕರ್, ಫಾಂಟುಗಳು ಎಲ್ಲ ಹಾಕಿ, ಫೈಲು ವಾಪಸ್ ತುಂಬುವಷ್ಟರಲ್ಲಿ ರಾತ್ರಿ ಹನ್ನೊಂದು. 350 ಎಂಬಿ ಚಿಲ್ಲರೆ ಖಾಲಿ ಇತ್ತು.

ಬೆಳಿಗ್ಗೆ ಅಣ್ಣ ಬೀಗ ತೆಗೆದವರೇ ಮೊದಲು ಅದೇ ಅರ್ಜಿ ತೆರೆಸಿದರು. ಅಕ್ಷರ ಅಕ್ಷರ ಓದಿದರು. ಪ್ರಾಪರ್ಟೀಸ್‌ನಲ್ಲಿ 1,260 ಬೈಟ್, ಪಕ್ಕದಲ್ಲಿ 4,096.

"ಮಿಕ್ಕಿದ್ದೆಲ್ಲ ಇದೆ ತಾನೇ?"

"ಎಲ್ಲ ಇದೆ ಅಣ್ಣ" ಎಂದೆ. ಟೀ ಹೇಳಲು ಹುಡುಗನನ್ನು ಕಳಿಸಿ, ಶುಕ್ರವಾರ ನಿಂತಿದ್ದ ಲಗ್ನಪತ್ರಿಕೆ ಮುಂದಿಟ್ಟರು.